ಕಾರಿನ ಕೆಳಗಿಂದ ಕಂಡ ಬೂಟು

ಬೋಲ್ಟು ಜಪ್ಪಯ್ಯ ಅಂದರೂ ಅಲುಗಲಿಲ್ಲ.

ಅವಳು ಕಾರಿನ ಕೆಳಗೆ ಅಂಗಾತ ಮಲಗಿ, ಸ್ಪ್ಯಾನರಿಗೆ ಎರಡೂ ಕೈ ಕೊಟ್ಟು, ಹಲ್ಲು ಕಚ್ಚಿ ಇನ್ನೊಮ್ಮೆ ಎಳೆದಳು. ಮೊಣಕೈ ಸಿಮೆಂಟಿಗೆ ಉಜ್ಜಿ ತರಚಿತು.

ಆಗಲೇ ಆ ಬೂಟುಗಳು ಬಂದು ನಿಂತವು.

ಕಂದು ಬೂಟುಗಳು. ಎಡಗಾಲಿನ ಲೇಸು ಎಂದಿನಂತೆ ಸಡಿಲ...

ಒಂದು ವರ್ಷದಿಂದ ಅವಳು ಆ ಬೂಟುಗಳನ್ನು ನೋಡಿರಲಿಲ್ಲ. ನೋಡಬಾರದೆಂದೇ ಅವನ ಕನ್ನಡಕದಂಗಡಿಯ ಬೀದಿಯನ್ನು ಬಿಟ್ಟು ಸುತ್ತುಬಳಸಿ ಓಡಾಡಿದ್ದಳು.

“ಯಾರು ಕರೆದಿದ್ದು ನಿಮ್ಮನ್ನ?” ಕಾರಿನ ಕೆಳಗಿಂದಲೇ ಕೇಳಿದಳು.

ನಿಮ್ಮನ್ನ! ಮದುವೆ ನಿಶ್ಚಯವಾಗಿದ್ದ ದಿನಗಳಲ್ಲಿ ‘ಲೋ’ ಎಂದು ಕರೆಯುತ್ತಿದ್ದ ಬಾಯಿ ಅದು. ಆ ಬಹುವಚನದಿಂದ ಅವನ ಕೆನ್ನೆಗೆ ಬಾರಿಸಿದಂತಾಯಿತು.

“ಅಮ್ಮ ಫೋನ್ ಮಾಡಿದ್ರು,” ಎಂದ.

ಮೇಲಿನ ಕಿಟಕಿಯಿಂದ ಅವಳ ತಾಯಿಯ ದನಿ ಬಂತು. “ಹೌದು ಕಣೇ, ನಾನೇ ಕರೆದೆ! ಅಷ್ಟು ಕಬ್ಬಿಣದ ಕೆಳಗೆ ಮಗಳು ಮಲಗಿದ್ರೆ ಯಾವ ತಾಯಿ ಟೀವಿ ನೋಡ್ಕೊಂಡು ಕೂತಿರ್ತಾಳೆ? ನಿಮ್ಮಣ್ಣ ಫೋನೇ ಎತ್ತಲಿಲ್ಲ. ಇವನು ಒಂದೇ ರಿಂಗಿಗೆ ಎತ್ತಿದ!”

“ಸ್ಟ್ಯಾಂಡ್ ಕೊಟ್ಟಿದೀನಮ್ಮಾ, ಬೀಳಲ್ಲ. ಕಿಟಕಿ ಹಾಕ್ಕೋ!”

“ಹಾಕ್ಕೊಳಲ್ಲ!”

ಬೂಟುಗಳು ಕದಲಲಿಲ್ಲ. ನಿಂತಿರಲಿ... ಬೇರು ಬಿಟ್ಟರೂ ಬಿಡಲಿ, ನನಗೇನು!

ಕಳೆದ ವರ್ಷವೂ ಅವಳು ಎಂಜಿನ್ ಆಯಿಲ್ ಬದಲಿಸಲು ಇದೇ ಜಾಗದಲ್ಲಿ ಹೀಗೇ ಮಲಗಿದ್ದಳು. “ನನಗೆ ಕಲಿಸೋಕೆ ಬರಬೇಡ. ಬಾಯಿ ಮುಚ್ಕೊಂಡು ನೋಡು,” ಎಂದು ಪಕ್ಕದಲ್ಲಿದ್ದ ಅವನಿಗೆ ತಾಕೀತು ಮಾಡಿದ್ದಳು. ಬಿಚ್ಚಿದ್ದು ತಪ್ಪು ಬೋಲ್ಟು. ಹರಿದು ಬಂದದ್ದು ಎಂಜಿನ್ನಿನ ಕಪ್ಪು ಆಯಿಲ್ ಅಲ್ಲ, ಗೇರ್‌ಬಾಕ್ಸಿನ ಹೊಂಬಣ್ಣದ ಆಯಿಲ್. ಅವಳಿಗೆ ತಿಳಿಯಲೇ ಇಲ್ಲ.

ಅವಳು ರೋಗಿಗಳ ಮನೆಮನೆಗೆ ಹೋಗಿ ವ್ಯಾಯಾಮ ಮಾಡಿಸುವ ಫಿಸಿಯೋಥೆರಪಿಸ್ಟ್. ಹಾಗೊಂದು ಮನೆಗೆ ಹೊರಟಿದ್ದಾಗ ಗೇರುಗಳು ಕಿರುಚಿ, ಕಾರು ನಡುರಸ್ತೆಯಲ್ಲಿ ನಿಂತುಬಿಟ್ಟಿತು. ಹಿಂದೆ ಹಾರ್ನುಗಳ ಗದ್ದಲ, ಕಣ್ಣಲ್ಲಿ ನೀರು.

ಗ್ಯಾರೇಜಿನಲ್ಲಿ ಅವನು ಮೆಲ್ಲಗೆ ಹೇಳಿದ್ದ: “ಬಣ್ಣ ನೋಡಿದಾಗಲೇ ನನಗೆ ಅನುಮಾನ ಬಂದಿತ್ತು.”

ಗೊತ್ತಿದ್ದೂ ಸುಮ್ಮನಿದ್ದ! ನಾನು ಸೋಲೋದನ್ನ ನೋಡೋಕೆ ಕಾದಿದ್ದ...

ನಿಶ್ಚಯವಾಗಿದ್ದ ಮದುವೆಯನ್ನು ಅವಳು ಅಲ್ಲಿಗೇ ಮುರಿದಳು.

ಈ ಸಲ ಅವಳು ಕಾರಿನ ಕೈಪಿಡಿಯನ್ನು ಪರೀಕ್ಷೆಗೆ ಓದುವಂತೆ ಓದಿದ್ದಳು. ಸರಿಯಾದ ಬೋಲ್ಟಿಗೆ ಕೆಂಪು ನೇಲ್‌ಪಾಲಿಷ್ ಬಳಿದಿದ್ದಳು. ಇಂದು ಮಾಡಿಯೇ ತೀರಬೇಕು; ಅದೂ ಈ ಬೂಟುಗಳ ಮುಂದೆ!

ರೋಗಿಗಳಿಗೆ ಹೇಳುವ ಮಾತನ್ನು ತನಗೇ ಹೇಳಿಕೊಂಡಳು. ಮಣಿಕಟ್ಟಿನಿಂದ ಅಲ್ಲ, ಭುಜದಿಂದ ತಳ್ಳು.

ಟಕ್!

ಬೋಲ್ಟು ಬಿಟ್ಟಿತು. ಬಿಸಿ ಎಣ್ಣೆ ಗಳಗಳನೆ ಟ್ರೇಗೆ ಸುರಿಯಿತು.

“ಕಪ್ಪು!” ಎಂದು ಕೂಗಿದಳು. ಮೇಲೆ ಕಿಟಕಿಯಲ್ಲಿ ಚಪ್ಪಾಳೆ ಕೇಳಿಸಿತು.

ಎಣ್ಣೆ ಪೂರ್ತಿ ಬಸಿಯುವವರೆಗೆ ಕಾದಳು. ಬೋಲ್ಟನ್ನು ಮತ್ತೆ ಬಿಗಿದಳು. ಹಳೆಯ ಫಿಲ್ಟರ್ ತಿರುಗಿಸಿ ತೆಗೆದು ಟ್ರೇ ಪಕ್ಕ ಇಟ್ಟಳು, ಹೊಸದನ್ನು ಕೂರಿಸಿದಳು. ಹೊರಗೆ ಬಂದು, ಅವನ ಮುಖ ನೋಡದೆ, ಹೊಸ ಆಯಿಲ್ ಸುರಿದು ಅಳತೆ ಕಡ್ಡಿ ಎಳೆದು ನೋಡಿದಳು. ಸರಿಯಾಗಿತ್ತು.

ಅವನು ಇನ್ನೂ ಮೂಕ. ಅದೇ ಅವಳನ್ನು ಹೆಚ್ಚು ಕೆರಳಿಸಿತು.

“ಏನು, ಇವತ್ತೂ ಬರೀ ಅನುಮಾನ ಪಡೋಕೆ ಬಂದ್ರಾ? ಊರಿಗೆಲ್ಲ ಕಣ್ಣು ಕಾಣೋ ಹಾಗೆ ಮಾಡ್ತೀರಿ. ನಿಮ್ಮ ಬಾಯಿಗೂ ಒಂದು ಕನ್ನಡಕ ಹಾಕ್ಕೊಳ್ಳಿ!”

ಅವನ ಕಣ್ಣು ಟ್ರೇ ಪಕ್ಕದ ಹಳೆಯ ಫಿಲ್ಟರಿನ ಮೇಲಿತ್ತು. ಅವಳು ಸೀಟಿಗೆ ಹೋಗಿ ಕೂತು ಕೀಲಿ ಹಾಕಿದಳು.

“ಸ್ಟಾರ್ಟ್ ಮಾಡಬೇಡ!”

ಅವನು ಅಷ್ಟು ಜೋರಾಗಿ ಕಿರುಚಿದ್ದನ್ನು ಅವಳು ಕೇಳಿದ್ದೇ ಇಲ್ಲ. ಕೈ ತಾನಾಗಿಯೇ ನಿಂತಿತು.

“ಬೈಯಿ, ಹೊಡಿ, ಇನ್ನೊಂದು ವರ್ಷ ಮುಖ ನೋಡಬೇಡ... ಆದ್ರೆ ಹೇಳೇ ಹೇಳ್ತೀನಿ. ಹಳೇ ಫಿಲ್ಟರಿನ ರಬ್ಬರ್ ರಿಂಗ್ ಎಲ್ಲಿ?”

ಅವಳು ಇಳಿದು ಬಂದು ನೋಡಿದಳು. ಫಿಲ್ಟರಿನ ಬಾಯಿ ಬೋಳಾಗಿತ್ತು. ರಿಂಗ್ ಇರಲಿಲ್ಲ.

“ಎಂಜಿನ್ನಿಗೇ ಅಂಟ್ಕೊಂಡಿರುತ್ತೆ. ಅದರ ಮೇಲೇ ಹೊಸದು ಕೂತಿದೆ. ಸ್ಟಾರ್ಟ್ ಮಾಡಿದ್ರೆ ಆಯಿಲ್ ಎಲ್ಲ ಚಿಮ್ಮಿ ಹೋಗುತ್ತೆ.”

“ನಿಮಗೆ ಹೇಗೆ ಗೊತ್ತು? ನಿಮ್ಮ ಹತ್ರ ಕಾರೇ ಇಲ್ವಲ್ಲ!”

“ಇಲ್ಲ... ಆದ್ರೂ ಈ ಒಂದು ವರ್ಷ ಓದಿದೆ. ಯಾಕೆ ಅಂತ ಕೇಳಬೇಡ.”

ಅವಳು ಕೇಳಲಿಲ್ಲ. ಮತ್ತೆ ಕೆಳಗೆ ಜಾರಿ ಹೊಸ ಫಿಲ್ಟರ್ ಬಿಚ್ಚಿದಳು. ಎಂಜಿನ್ನಿಗೆ ಅಂಟಿಕೊಂಡಿದ್ದ ಕಪ್ಪು ರಬ್ಬರು ಉಗುರಿಗೆ ಸಿಕ್ಕಿತು. ಕಿತ್ತೆಸೆದು, ಜಾಗ ಒರೆಸಿ, ಫಿಲ್ಟರನ್ನು ಮತ್ತೆ ಕೂರಿಸಿದಳು.

“ಅವತ್ತು ಯಾಕೆ ಹೇಳಲಿಲ್ಲ?” ಕೆಳಗಿನಿಂದಲೇ ಕೇಳಿದಳು. ಮುಖ ಕಾಣದಿದ್ದುದೇ ಒಳ್ಳೆಯದಾಯಿತು.

ಬೂಟುಗಳು ಬಾಗಿದವು. ಅವನು ನೆಲಕ್ಕೆ ಕುಕ್ಕರುಗಾಲಲ್ಲಿ ಕುಳಿತ.

“ಕಲಿಸೋಕೆ ಬರಬೇಡ ಅಂತ ನೀನೇ ಅಂದಿದ್ದೆ. ಹೇಳಿದ್ರೆ ಬಿಟ್ಟು ಹೋಗ್ತೀಯೇನೋ ಅಂತ ಹೆದರಿದೆ. ಹೇಳಲಿಲ್ಲ... ನೀನು ಬಿಟ್ಟೇ ಹೋದೆ.”

“ನಾನು ಸೋಲೋದು ನೋಡೋಕಲ್ವಾ?”

“ನೀನು ಸೋತ್ರೆ ನನಗೇನು ಸಿಗುತ್ತೆ, ಹೇಳು? ಆ ದಿನದಿಂದ ಸರಿಯಾಗಿ ಊಟ ಸೇರಿಲ್ಲ ನನಗೆ.”

ಅವಳು ಹೊರಗೆ ಬಂದಳು. ಹಣೆಯ ಮೇಲೆ ಎಣ್ಣೆಯ ಗೆರೆ, ಕಣ್ಣಂಚಲ್ಲಿ ನೀರು.

“ಪುಕ್ಕಲ! ನೀನೊಬ್ಬ ಶುದ್ಧ ಪುಕ್ಕಲ!”

ನೀನು! ಅವನ ಮುಖ ಅರಳಿತು. ಬೈಗುಳ ಕಿವಿಗೇ ಬೀಳಲಿಲ್ಲ.

ಎಂಜಿನ್ ಶುರುವಾಯಿತು. ಇಬ್ಬರೂ ಬಗ್ಗಿ, ತಲೆಗೆ ತಲೆ ತಾಗಿಸಿಕೊಂಡು ಕೆಳಗೆ ನೋಡಿದರು. ಒಂದು ಹನಿಯೂ ಬೀಳಲಿಲ್ಲ.

“ಗೆದ್ದೆ!” ಎಂದಳು.

“ಗೆದ್ದೆ ಕಣೇ.” ಅವನು ಗಂಟಲು ಸರಿಮಾಡಿಕೊಂಡ. “ನೋಡು... ನನ್ನನ್ನ ವಾಪಸ್ ಕರ್ಕೊಂಡ್ರೆ, ಇನ್ಮೇಲೆ ನೀನು ಕೇಳಿದಾಗ ಮಾತ್ರ ಬಾಯಿ ಬಿಡ್ತೀನಿ. ಕೇಳದಿದ್ರೆ ತುಟಿಪಿಟಕ್ ಅನ್ನಲ್ಲ. ಮಾತು ಕೊಡ್ತೀನಿ. ಒಪ್ಪಿಗೆನಾ?”

ಅವನು ಅಂಗೈ ಚಾಚಿದ. ಅವಳು ಎಣ್ಣೆ ಮೆತ್ತಿದ ಎರಡೂ ಕೈಗಳಿಂದ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ಇಲ್ಲ,” ಎಂದಳು. “ಒಪ್ಪಲ್ಲ. ಕೇಳದಿದ್ರೂ ಹೇಳ್ಬೇಕು, ಇವತ್ತು ಕಿರುಚಿದ ಹಾಗೆ.”