ಸೋಮನಾಥ್ ಹೇಳದ ಅಭಿಪ್ರಾಯ

“ನನ್ನ ಬಗ್ಗೆ ಎರಡು ಮಾತು ಹೇಳೋಕೆ ನಿಮಗೆ ಅಷ್ಟು ಕಷ್ಟ ಆಯ್ತಾ, ಸೋಮನಾಥ್?”

ಇಡ್ಲಿಯ ತಟ್ಟೆ ಹಿಡಿದು ನಿಂತಿದ್ದ ಸೋಮನಾಥ್ ತಿರುಗಿ ನೋಡಿದ. ಎದುರಿಗೆ ಶಿಲ್ಪಶ್ರೀ! ಎರಡು ವರ್ಷದ ಮೇಲೆ ಕಂಡ ಆ ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ.

ಜಯನಗರದ ಹೋಟೆಲೊಂದರ ಹಾಲ್‌ನಲ್ಲಿ ದೊಡ್ಡ ದೊಡ್ಡ ಹುದ್ದೆಯವರ ಶನಿವಾರದ ಉಪಾಹಾರ ಕೂಟ ನಡೆದಿತ್ತು. ಬಂದವರಲ್ಲಿ ಅರ್ಧ ಜನ ಬೇರೆ ಕೆಲಸ ಹುಡುಕುತ್ತಿದ್ದರು. ಒಬ್ಬರಾದರೂ ಬಾಯಿಬಿಟ್ಟು ಹೇಳಬೇಕಲ್ಲ! ಕೇಳಿದರೆ, ಸುಮ್ಮನೆ ನಾಲ್ಕು ಜನರನ್ನು ನೋಡಿದ ಹಾಗಾಗುತ್ತದೆ ಅಂತ ಬಂದವರೇ ಎಲ್ಲರೂ.

ಶಿಲ್ಪಶ್ರೀ ಮಾತ್ರ ಸುಮ್ಮನೆ ಬಂದಿರಲಿಲ್ಲ. ನಲವತ್ತನಾಲ್ಕರ ಅವಳು ಮೋಟಾರ್ ಕಂಪನಿಯೊಂದರ ಫ್ಯಾಕ್ಟರಿ ಮುಖ್ಯಸ್ಥೆ. ಮದುವೆಯ ಮಾತೆತ್ತಿದವರಿಗೆಲ್ಲ ‘ಆಮೇಲೆ ನೋಡೋಣ’ ಎನ್ನುತ್ತಲೇ ಈ ಹುದ್ದೆಯ ತನಕ ಬಂದವಳು. ತಲಘಟ್ಟಪುರದ ಪಂಪ್ ಕಂಪನಿಗೆ ಹೊಸ ಸಿಇಒ ಬೇಕಂತೆ ಎಂದು ಕಿವಿಗೆ ಬಿದ್ದ ದಿನವೇ ಆ ಕುರ್ಚಿ ತನ್ನದಾಗಬೇಕೆಂದು ತೀರ್ಮಾನಿಸಿದ್ದಳು. ಮೂರು ತಿಂಗಳು, ತನ್ನ ಆಫೀಸಿಗೆ ಸುಳಿವು ಬಿಡದೆ, ಪಂಪಿನ ವ್ಯವಹಾರ ಬಲ್ಲ ಹದಿನಾಲ್ಕು ಜನರನ್ನು ಒಬ್ಬೊಬ್ಬರನ್ನಾಗಿ ಕಾಫಿಗೆ ಕರೆದು ಮಾತಾಡಿಸಿದ್ದಳು. ಯಾರ ಹತ್ತಿರವೂ ಕೆಲಸ ಕೇಳಲಿಲ್ಲ, ಸಲಹೆ ಕೇಳಿದಳು. ಹಾಗೇ ಪರಿಚಯದ ಮೇಲೆ ಪರಿಚಯವಾಗಿ ಕಂಪನಿಯ ಒಡತಿ ಕಮಲಾದೇವಿಯವರ ತನಕ ಹೋದಳು. ಕೊನೆಗೆ ಉಳಿದ ಇಬ್ಬರಲ್ಲಿ ಅವಳೂ ಒಬ್ಬಳು.

ಇಂಥ ಹುದ್ದೆಗೆ ಆರಿಸುವ ಮುಂಚೆ, ಹಿಂದೆ ಜೊತೆಗೆ ದುಡಿದವರನ್ನು ಗುಟ್ಟಾಗಿ ವಿಚಾರಿಸುವುದುಂಟು. ಯಾರಾದರೂ ‘ನಾನೇನೂ ಹೇಳಲ್ಲ’ ಎಂದರೆ ಮುಗಿಯಿತು, ಏನೋ ಹುಳುಕಿದೆ ಎಂದೇ ಅರ್ಥ. ಪಂಪ್ ಕಂಪನಿಗೆ ಸಿಇಒ ಹುಡುಕಿಕೊಡುತ್ತಿದ್ದ ಕನ್ಸಲ್ಟೆಂಟ್ ನಂದಕುಮಾರ್ ನಿನ್ನೆ ಫೋನ್ ಮಾಡಿದ್ದ. “ಎಲ್ರೂ ಚೆನ್ನಾಗೇ ಹೇಳಿದ್ರು ಮೇಡಂ. ಸೋಮನಾಥ್ ಸಾರ್ ಒಬ್ರೇ ಮಾತಾಡೋಕೆ ಒಪ್ಪಲಿಲ್ಲ. ನಿಮ್ಮ ಫೈಲು ಅಲ್ಲೇ ನಿಂತಿದೆ.”

ಬೇರೆ ಯಾರಾದರೂ ಆಗಿದ್ದರೆ ಬೈದುಕೊಂಡು ಸುಮ್ಮನಾಗುತ್ತಿದ್ದಳು. ಆದರೆ ಸೋಮನಾಥ್… ಆರು ವರ್ಷ ಅವಳ ಮೇಲಧಿಕಾರಿಯಾಗಿದ್ದು ಕೆಲಸ ಕಲಿಸಿದವನು. ಹೆಂಡತಿಯನ್ನು ಕಳೆದುಕೊಂಡು ಒಂಟಿಯಾಗಿದ್ದವನು. ಎರಡು ವರ್ಷದ ಹಿಂದೆ ಇದ್ದಕ್ಕಿದ್ದಂತೆ ಕೆಲಸ ಬಿಟ್ಟು ಹೋದವನು ಒಂದು ಫೋನೂ ಮಾಡಿರಲಿಲ್ಲ. ಆ ನೋವು ಅವಳಲ್ಲಿ ಇನ್ನೂ ಹಸಿಯಾಗಿತ್ತು. ಅವನು ಈ ಕೂಟಕ್ಕೆ ಬರುತ್ತಾನೆಂದು ತಿಳಿದೇ ಬಂದಿದ್ದಳು.

“ಕೂತ್ಕೊಳ್ಳಿ ಶಿಲ್ಪಾ,” ಎಂದ ಸೋಮನಾಥ್.

“ಕೂರೋಕೆ ಬಂದಿಲ್ಲ. ನನ್ನ ಕೆಲಸದಲ್ಲಿ ಏನು ಕೊರತೆ ಇತ್ತು, ಹೇಳಿ. ತಿದ್ಕೊಳ್ತೀನಿ.”

“ಕೊರತೆನಾ? ನಿಮ್ಮಷ್ಟು ಚೆನ್ನಾಗಿ ಫ್ಯಾಕ್ಟರಿ ನಡೆಸೋರನ್ನ ನಾನು ನೋಡೇ ಇಲ್ಲ.”

“ಅದನ್ನ ಅವರಿಗೆ ಹೇಳೋಕೆ ಏನಾಗಿತ್ತು?”

ಸೋಮನಾಥ್ ತಟ್ಟೆ ಕೆಳಗಿಟ್ಟ. ನೂರಾರು ಜನರ ಮುಂದೆ ನೀರು ಕುಡಿದಷ್ಟು ಸುಲಭವಾಗಿ ಮಾತಾಡುತ್ತಿದ್ದವನು ಈಗ ಮಾತಿಗೆ ತಡಕಾಡಿದ.

“ಕಮಲಾದೇವಿಯವರೇ ಫೋನ್ ಮಾಡಿದ್ರು. ಕೇಳಿದ ಮೊದಲನೇ ಪ್ರಶ್ನೆನೇ, ನಿಮಗೂ ಶಿಲ್ಪಶ್ರೀಗೂ ಆಫೀಸು ಬಿಟ್ಟು ಬೇರೆ ಏನಾದ್ರೂ ಇದೆಯಾ ಅಂತ. ಇಲ್ಲ ಅಂದ್ರೆ ಸುಳ್ಳಾಗ್ತಿತ್ತು. ಇದೆ ಅಂದ್ರೆ… ನಿಮಗೇ ಗೊತ್ತಿಲ್ಲದ್ದನ್ನ ಅವರಿಗೆ ಹೇಗೆ ಹೇಳ್ಲಿ? ನಾನೇನೂ ಹೇಳಲ್ಲ ಅಂತ ಫೋನ್ ಇಟ್ಟುಬಿಟ್ಟೆ.”

ಶಿಲ್ಪಶ್ರೀ ಒಂದು ಹೆಜ್ಜೆ ಹತ್ತಿರ ಬಂದಳು. “ಹಾಗಾದ್ರೆ ಈ ಎರಡು ವರ್ಷ…?”

“ನಿಮ್ಮ ಬಾಸ್ ಆಗಿದ್ಕೊಂಡು ಹೇಳೋದು ಸರಿಯಲ್ಲ ಅಂತ ಕೆಲಸ ಬಿಟ್ಟೆ. ಬಿಟ್ಟ ಮೇಲೆ ಧೈರ್ಯ ಬರಲಿಲ್ಲ.”

ಅವಳಿಗೆ ಸಿಟ್ಟೂ ಬಂತು, ಸಂತೋಷವೂ ಆಯಿತು. ಕಣ್ಣುಗಳು ತುಂಬಿಕೊಂಡವು. ಆದರೂ ಬಂದ ಕೆಲಸ ಮರೆಯುವ ಹೆಣ್ಣಲ್ಲ ಅವಳು.

“ನಿಮ್ಮ ಹೆದರಿಕೆಗೆ ನನ್ನ ಕೆಲಸ ಯಾಕೆ ಹೋಗ್ಬೇಕು? ಹೊರಗೆ ಬನ್ನಿ. ಈಗಲೇ ಅವರಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ. ನನ್ನನ್ನ ಹೊಗಳೋದು ಬೇಡ. ಯಾಕೆ ಮಾತಾಡಲಿಲ್ಲ, ಅಷ್ಟು ಹೇಳಿ.”

ಹೋಟೆಲಿನ ಮೆಟ್ಟಿಲ ಮೇಲೆ ನಿಂತು ಸೋಮನಾಥ್ ಫೋನ್ ಹಚ್ಚಿದ. ಸ್ಪೀಕರ್ ಹಾಕಿದ.

“ಮೇಡಂ, ನಾನು ಸೋಮನಾಥ್. ಅವತ್ತು ನಾನು ಮಾತಾಡದೇ ಇದ್ದಿದ್ದಕ್ಕೆ ಶಿಲ್ಪಶ್ರೀ ಅವರ ಕೆಲಸ ಕಾರಣ ಅಲ್ಲ. ನಾನು… ಅವರನ್ನ ಪ್ರೀತಿಸ್ತೀನಿ. ನನ್ನ ಅಭಿಪ್ರಾಯ ನ್ಯಾಯವಾಗಿರಲ್ಲ. ಅದನ್ನ ಬಿಟ್ಟು ತೀರ್ಮಾನ ಮಾಡಿ.”

ಆ ಕಡೆಯಿಂದ ಕಮಲಾದೇವಿಯವರ ನಗು ಕೇಳಿಸಿತು.

“ಇಷ್ಟೇನಾ? ನಾನು ಏನೇನೋ ಅಂದ್ಕೊಂಡಿದ್ದೆ. ಮಿಕ್ಕ ಆರು ಜನ ಹೇಳಿದ್ದು ನನಗೆ ಸಾಕು. ಸೋಮವಾರ ಕೊನೇ ಸುತ್ತಿಗೆ ಕರೀತೀನಿ. ಅಂದ ಹಾಗೆ, ಆಕೆಗೆ ಈ ವಿಷಯ ಗೊತ್ತಾ?”

“ಇಲ್ಲೇ ಪಕ್ಕದಲ್ಲಿದ್ದಾರೆ, ಮೇಡಂ.”

“ಹೌದಾ? ಏನಂತಾರೆ?”

ಶಿಲ್ಪಶ್ರೀ ಫೋನಿನತ್ತ ಬಗ್ಗಿದಳು. “ಸೋಮವಾರ ಬರ್ತೀನಿ ಮೇಡಂ. ಮಿಕ್ಕಿದ್ದನ್ನ ಇವರಿಗೇ ಹೇಳ್ತೀನಿ.”

ಫೋನ್ ಕಟ್ಟಾಯಿತು. ಸೋಮನಾಥ್ ಅವಳನ್ನೇ ನೋಡುತ್ತಿದ್ದ. “ಹೇಳಿ…”

“ಎರಡು ವರ್ಷ ನಿಮ್ಮ ಒಂದು ಫೋನಿಗೆ ಕಾದಿದ್ದೀನಿ. ನೀವು ಸೋಮವಾರದ ತನಕ ಕಾಯಿರಿ. ಆ ಕೆಲಸ ಗೆದ್ಕೊಂಡು ನಿಮ್ಮನೆಗೆ ಬರ್ತೀನಿ.”

“ಸಿಗದೇ ಹೋದ್ರೆ?”

ಅವಳು ಅವನ ಕೈ ಹಿಡಿದುಕೊಂಡಳು.

“ಆಗಲೂ ಬರ್ತೀನಿ.”