ಒಂದೇ ಪಂಕ್ತಿಯ ಶುಂಠಿ

ತನ್ನ ಶುಂಠಿ ಗದ್ದೆಯಲ್ಲಿ ಯಾವನೋ ಒಬ್ಬ ಮಂಡಿಯೂರಿ ಕೂತು ಗಿಡ ಕೀಳುತ್ತಿರುವುದು ಕಂಡಾಗ ಕುಮುದಾಳ ಕೈಯಲ್ಲಿ ಕತ್ತಿಯಿತ್ತು. ಕತ್ತಿ ತಂದದ್ದು ಬದುವಿನ ಹುಲ್ಲು ಕೊಯ್ಯಲು. ಆದರೆ ಅದು ಅವನಿಗೆ ಹೇಗೆ ಗೊತ್ತಾಗಬೇಕು?

"ಯಾರ್ರೀ ಅದು? ನಿಮ್ಮಪ್ಪನ ಮನೆ ಗದ್ದೆ ಅಂದ್ಕಂಡ್ರಾ?"

ಅವನು ದಡಬಡಿಸಿ ಎದ್ದ. ಪ್ಯಾಂಟಿಗೆ ಕೆಸರು, ಕನ್ನಡಕಕ್ಕೂ ಕೆಸರು, ಕೈಯಲ್ಲಿ ಅವಳ ಗಿಡ.

"ನಾನು ದೀಪಕ್ ಅಂತ. ಸಾಗರದ ಸಂಶೋಧನಾ ಕೇಂದ್ರದಿಂದ ಬಂದಿದ್ದು. ಭೂತಪ್ಪನವರು ಬರೋಕೆ ಹೇಳಿದ್ರು."

"ಅಪ್ಪಯ್ಯ ಬರೋಕೆ ಹೇಳಿದ್ದು. ಕೀಳೋಕೆ ಹೇಳಿದ್ರಾ?"

ಅವನು ಕತ್ತಿಯನ್ನೊಮ್ಮೆ, ಅವಳನ್ನೊಮ್ಮೆ ನೋಡಿ, "ಒಂದು ಲೋಟ ನೀರು ಸಿಗಬಹುದಾ?" ಎಂದ. ಅವಳು ಮನೆಯ ಕಡೆ ತಿರುಗುವಷ್ಟರಲ್ಲಿ, "ಗಾಜಿನ ಲೋಟವೇ ಆಗ್ಬೇಕು" ಎಂದು ಸೇರಿಸಿದ.

ಸಿಕ್ಕಿಬಿದ್ದ ಕಳ್ಳನಿಗೆ ಇದೆಂಥ ಶೋಕಿ ಎಂದುಕೊಳ್ಳುತ್ತಲೇ ಕುಮುದಾ ನೀರು ತಂದಳು. ಅವನು ಕುಡಿಯಲಿಲ್ಲ. ಬ್ಲೇಡಿನಿಂದ ಗಿಡದ ದಂಟನ್ನು ಕೊಯ್ದು, ಕೊಯ್ದ ತುದಿಯನ್ನು ನೀರಿಗೆ ಮುಟ್ಟಿಸಿ ಹಿಡಿದ. ಸ್ವಲ್ಪ ಹೊತ್ತಿಗೆ ದಂಟಿನಿಂದ ಹಾಲಿನಂಥ ಬಿಳಿ ಎಳೆಯೊಂದು ನೀರಿನೊಳಗೆ ನಿಧಾನವಾಗಿ ಇಳಿಯಿತು.

"ನೋಡಿ. ಇದೇ ಕೊಳೆರೋಗದ ಬ್ಯಾಕ್ಟೀರಿಯಾ. ಗಿಡ ಮೇಲೆ ಹಸಿರಾಗಿದೆ, ಒಳಗೆ ಇಷ್ಟಿದೆ."

ಇಬ್ಬರೂ ಲೋಟದ ಮೇಲೆ ಬಾಗಿದ್ದರು. ಗಾಜಿನ ಆಚೆ ಅವನ ಕಣ್ಣು ಬದನೆಕಾಯಿಯಷ್ಟು ದಪ್ಪ ಕಾಣುತ್ತಿತ್ತು. ಗದ್ದೆಗೆ ರೋಗ ಬಂದಿದೆ ಎಂಬ ಸುದ್ದಿ ಕೇಳಿ ಅಳಬೇಕಾದವಳಿಗೆ ನಗು ಬಂತು. ಅವನು ತಲೆಯೆತ್ತಿದ. ಅವಳು ಥಟ್ಟನೆ ಲೋಟ ಕಸಿದುಕೊಂಡು ನೀರು ಚೆಲ್ಲಲು ಹೊರಟಳು.

"ಅಯ್ಯೋ, ಗದ್ದೇಲಿ ಚೆಲ್ಲಬೇಡಿ ಮಾರಾಯ್ರೇ!"

ಹೀಗೆ ಶುರುವಾಯಿತು.

ಬಟ್ಟೆಮಲ್ಲಪ್ಪದಿಂದ ಹೊಸನಗರದ ಕಡೆ ಹೋಗುವ ರಸ್ತೆಯಂಚಿನ ಆ ಗದ್ದೆಯ ಜವಾಬ್ದಾರಿ ಪೂರ್ತಿ ಕುಮುದಾಳದು. ಬಿ.ಕಾಂ. ಮುಗಿಸಿ ಬಂದವಳು ಅಪ್ಪಯ್ಯನಿಗೆ ಸೊಂಟ ನೋವು ಹಿಡಿದ ಮೇಲೆ ಗದ್ದೆಗಿಳಿದಿದ್ದಳು. ದೀಪಕ್ ತೀರ್ಥಹಳ್ಳಿಯ ಕಡೆಯವನು, ಸಾಗರದಲ್ಲಿ ರೂಮು ಮಾಡಿಕೊಂಡಿದ್ದ. ಎರಡು ವರ್ಷದಿಂದ ಅವನು ಬಡಿದಾಡುತ್ತಿದ್ದದ್ದು ಪೆಪ್ಟೈಡ್ ಎಂಬ ಪದಾರ್ಥದ ಜೊತೆ.

"ಪ್ರೋಟೀನಿನ ಸಣ್ಣ ತುಣುಕು ಅಷ್ಟೆ. ಬ್ಯಾಕ್ಟೀರಿಯಾದ ಮೈಗೆ ತೂತು ಕೊರೆದು ಸಾಯಿಸುತ್ತೆ. ಕಪ್ಪೆ ಚರ್ಮದಲ್ಲೂ ಇಂಥದ್ದಿದೆ. ನಮ್ಮ ಎಂಜಲಲ್ಲೂ ಇದೆ."

"ಹಂಗಾರೆ ದಿನಾ ಬೆಳಿಗ್ಗೆ ಬಂದು ಉಗಿದು ಹೋಗಿ. ಇಷ್ಟೆಲ್ಲ ಕ್ಯಾನು ಹೊತ್ಕಂಡು ಎಂತಕ್ಕೆ ಬರ್ತೀರಿ?"

ಅವನು ಬಾಯಿ ತುಂಬ ನಕ್ಕ. ನಗುವಾಗ ಅವನ ಕನ್ನಡಕ ಮೂಗಿನ ತುದಿಗೆ ಜಾರುತ್ತಿತ್ತು, ಅದನ್ನು ಮೇಲೆ ದೂಡುವ ನೆಪದಲ್ಲಿ ಅವಳನ್ನು ಇನ್ನೊಂದು ಸಲ ನೋಡುತ್ತಿದ್ದ. ಆ ನೆಪ ಕುಮುದಾಳಿಗೆ ಬೇಗನೇ ಗೊತ್ತಾಯಿತು. ಹಾಗಾಗಿ ಅವನನ್ನು ಆಗಾಗ ನಗಿಸುತ್ತಿದ್ದಳು.

ರೋಗದ ಮೂಲೆಯನ್ನು ಅಗೆದು ಸುಟ್ಟು, ಉಳಿದ ಏರುಮಡಿಗಳಲ್ಲಿ ದೀಪಕ್ ಪ್ರಯೋಗ ಹೂಡಿದ. ಕೆಂಪು ಬಟ್ಟೆ ಕಟ್ಟಿದ ಮಡಿಗಳ ಬುಡಕ್ಕೆ ಪೆಪ್ಟೈಡ್ ಔಷಧಿ, ಬಟ್ಟೆ ಇಲ್ಲದ ಮಡಿಗಳಿಗೆ ಬರಿ ನೀರು. ಎರಡನ್ನೂ ಹೋಲಿಸಿದರೆ ತಾನೇ ಔಷಧಿಯ ಗುಣ ತಿಳಿಯುವುದು? ಕುಮುದಾ ತಲೆಯಾಡಿಸಿದಳು. ಔಷಧಿ ಹೊಯ್ಯುವ ಕೆಲಸ ಅವಳೇ ವಹಿಸಿಕೊಂಡಳು.

ಪ್ರಯೋಗಕ್ಕೆ ಅವನು ವಾರಕ್ಕೊಮ್ಮೆ ಬಂದರೆ ಸಾಕಿತ್ತು. ದಿನ ಬಿಟ್ಟು ದಿನ ಬಂದ. ಅವಳಮ್ಮ ಪುಷ್ಪಮ್ಮ ಕಡುಬು ಬಡಿಸುತ್ತಾ, "ಶುಂಠಿ ಗದ್ದೇಲೈತೆ, ಈ ಹುಡುಗ ಅಡಿಗೆಮನೆ ಕಡೆ ಎಂತ ನೋಡ್ತಾನೆ?" ಎಂದು ಗೋಡೆಗೆ ಹೇಳಿದಂತೆ ಹೇಳಿದರು. ಅವನಿಗೆ ಕಡುಬು ಗಂಟಲಲ್ಲಿ ಸಿಕ್ಕಿಕೊಂಡಿತು. ಕುಮುದಾ ನೀರು ತಂದುಕೊಟ್ಟಳು. ಗಾಜಿನ ಲೋಟದಲ್ಲಿ, ಬೇಕೆಂದೇ.

ಆಮೇಲೊಂದು ದಿನ ಅವನು ನಗಲಿಲ್ಲ. ಬೆಳಿಗ್ಗೆಯಿಂದ ಮಡಿಮಡಿಗೂ ಕೂತು ಸೊರಗಿದ ಗಿಡ ಎಣಿಸಿದವನು, ಬದುವಿನ ಮೇಲೆ ಬಂದು ಕೂತ.

"ವ್ಯತ್ಯಾಸವೇ ಇಲ್ಲ ಕುಮುದಾ. ಔಷಧಿಯ ಮಡಿಗೂ ನೀರಿನ ಮಡಿಗೂ ಒಂದೇ ಥರ ರೋಗ ಬಂದಿದೆ. ಹಳ್ಳದ ಬದಿಯದೊಂದು ಪೂರ್ತಿ ಹೋಗಿದೆ, ಅದು ನೀರು ನಿಂತಿದ್ದಕ್ಕಿರಬೇಕು ಅಂತ ಲೆಕ್ಕದಿಂದ ಬಿಟ್ಟೆ. ನಮ್ಮ ಮೇಡಂ ಇದನ್ನ ಇಲ್ಲಿಗೇ ನಿಲ್ಲಿಸೋಣ ಅಂತಾರೆ. ನನ್ನನ್ನ ಗಂಗಾವತಿ ಕಡೆ ಭತ್ತದ ಪ್ರಾಜೆಕ್ಟಿಗೆ ಹಾಕ್ತಾರೆ."

"ಗಂಗಾವತಿನಾ?"

"ಹೂಂ. ದೂರ."

ಅವನ ಬೈಕಿನ ಶಬ್ದ ತಿರುವಿನಲ್ಲಿ ಕೇಳದಾದ ಮೇಲೂ ಕುಮುದಾ ಅಲ್ಲೇ ನಿಂತಿದ್ದಳು. ವ್ಯತ್ಯಾಸ ಯಾಕಿಲ್ಲ ಎಂಬುದು ಅವಳಿಗೊಬ್ಬಳಿಗೇ ಗೊತ್ತಿತ್ತು. ಹೇಳಿದರೆ ಅವನು ಇನ್ನು ತನ್ನ ಮುಖ ನೋಡುವುದಿಲ್ಲ. ಹೇಳದಿದ್ದರೆ, ತನ್ನ ಔಷಧಿ ಕೆಲಸಕ್ಕೆ ಬಾರದ್ದು ಎಂದು ನಂಬಿಕೊಂಡೇ ಅವನು ಊರು ಬಿಡುತ್ತಾನೆ. ರಾತ್ರಿಯಿಡೀ ಹೊರಳಾಡಿ, ಮರುದಿನ ಸಾಗರದ ಬಸ್ಸು ಹತ್ತಿದಳು.

ದೀಪಕ್ ಲ್ಯಾಬಿನಲ್ಲಿ ಗಾಜಿನ ಸಾಮಾನು ತೊಳೆದು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದ. ಅವಳನ್ನು ಕಂಡು ಅವನ ಮುಖ ಅರಳಿತು. ಅದನ್ನು ನೋಡಿ ಕುಮುದಾಳಿಗೆ ಇನ್ನಷ್ಟು ಕಷ್ಟವಾಯಿತು.

"ಔಷಧಿ ಎಲ್ಲದಕ್ಕೂ ಹೊಯ್ದಿದ್ದೀನಿ" ಎಂದಳು, ಕೂರದೆ. "ಕೆಂಪು ಬಟ್ಟೆದಕ್ಕೂ, ಬಟ್ಟೆ ಇಲ್ಲದ್ದಕ್ಕೂ. ನೀರು ಬೆರೆಸಿ, ಸಮ ಮಾಡಿ ಹಂಚಿದ್ದೀನಿ. ಪ್ರತಿ ಸಲನೂ."

ಅವನು ಕೈಯಲ್ಲಿದ್ದ ಗಾಜಿನ ಕೊಳವೆಯನ್ನು ಮೆಲ್ಲಗೆ ಕೆಳಗಿಟ್ಟ.

"ಯಾಕೆ?"

"ಒಂದೇ ಪಂಕ್ತೀಲಿ ಕೂರಿಸಿ, ಒಬ್ಬರಿಗೆ ಬಡಿಸಿ ಪಕ್ಕದೋರ ಎಲೆಗೆ ಬರಿ ನೀರು ಹಾಕೋಕಾಗುತ್ತಾ? ನಮ್ಮಜ್ಜ ಗೇಣಿ ಮಾಡ್ತಿದ್ದಾಗ ಒಡೇರ ಮನೆ ಊಟಕ್ಕೆ ನಮ್ಮೋರನ್ನ ಅಂಗಳದಾಚೆ ಕೂರಿಸ್ತಿದ್ರಂತೆ. ಪಾಯಸ ಅಲ್ಲಿಗೆ ಬರೋಷ್ಟರಲ್ಲಿ ಪಾತ್ರೆ ಖಾಲಿ. ಅದನ್ನ ಕೇಳ್ಕಂಡೇ ಬೆಳೆದೋಳು ನಾನು. ಕ್ಯಾನು ಹಿಡ್ಕಂಡು ಆ ಗಿಡಗಳನ್ನ ದಾಟಿ ಹೋಗೋಕೆ ಆಗ್ಲಿಲ್ಲ."

"ನನಗೊಂದು ಮಾತು ಹೇಳಬಹುದಿತ್ತಲ್ಲ!" ಅವನ ದನಿ ಏರಿತು. "ಎರಡು ವರ್ಷದ ಕೆಲಸ ರೀ ಇದು! ಕೆಟ್ಟಿದ್ದು ನನ್ನ ಔಷಧಿ ಅಂದ್ಕೊಂಡು ನಿನ್ನೆಯಿಂದ ಊಟ ಸೇರಿಲ್ಲ ನನಗೆ."

"ತಪ್ಪು ಅಂತ ಗೊತ್ತಿದ್ರೆ ತಾನೇ ಹೇಳೋದು? ನಿನ್ನೆ ನೀವು ಹೇಳಿದ ಮೇಲೇ ಗೊತ್ತಾಗಿದ್ದು. ನಂಗೂ ಸೇರಿಲ್ಲ."

ಅವನು ಕನ್ನಡಕ ತೆಗೆದು ಒರೆಸತೊಡಗಿದ. ಒರೆಸಿದ್ದನ್ನೇ ಒರೆಸಿದ. ಕುಮುದಾಳ ಕಣ್ಣು ತುಂಬಿತು. ಆದರೂ ಅವಳು ಕದಲಲಿಲ್ಲ. ಬೈಗುಳ ಪೂರ್ತಿ ತಿಂದೇ ಹೋಗುವುದೆಂದು ಬಂದಿದ್ದಳು.

"ಎಲ್ಲ ಮಡಿಗೂ ಸಿಕ್ತಾ?" ಎಂದು ಇದ್ದಕ್ಕಿದ್ದಂತೆ ಕೇಳಿದ.

"ಹಳ್ಳದ ಬದಿದಕ್ಕೆ ಇಲ್ಲ. ಅಲ್ಲಿಗೆ ಬರೋಷ್ಟರಲ್ಲಿ ಪ್ರತಿ ಸಲನೂ ಖಾಲಿ ಆಗ್ತಿತ್ತು."

ದೀಪಕ್ ಕನ್ನಡಕ ಹಾಕಿಕೊಂಡ. ಪೂರ್ತಿ ಸತ್ತಿದ್ದು ಅದೊಂದೇ ಮಡಿ. ಅರ್ಧ ಔಷಧಿ ಕುಡಿದವು ಅರ್ಧ ಉಳಿದಿದ್ದವು.

"ನೀರು ನಿಂತು ಸತ್ತಿದ್ದಲ್ಲ ಹಾಗಾದ್ರೆ?"

"ಅಲ್ಲಿ ನೀರು ನಿಲ್ಲಲ್ಲ. ಕಾಲುವೆ ಬಿಡಿಸಿದ್ದು ನಾನೇ."

ಅವನು ಎದ್ದು ಕಿಟಕಿಯವರೆಗೆ ಹೋಗಿ ಬಂದ. "ಒಂದು ಮಡಿಯಿಂದ ಏನೂ ಸಾಬೀತಾಗಲ್ಲ. ಆದ್ರೆ ಮತ್ತೊಂದು ವರ್ಷ ಕೊಡಿ ಅಂತ ಕೇಳೋಕೆ ಅಷ್ಟು ಸಾಕು. ಮೇಡಂ ಹತ್ರ ಹೋಗೋಣ. ನೀವೇ ಹೇಳ್ಬೇಕು."

ಮೇಡಂ ಇಬ್ಬರಿಗೂ ಸಮನಾಗಿ ಬೈದರು. ಅವಳಿಗೆ, ಮಾಡಿದ್ದಕ್ಕೆ. ಅವನಿಗೆ, ದಿನ ಬಿಟ್ಟು ದಿನ ಗದ್ದೆಗೆ ಹೋಗಿಯೂ ಅದನ್ನು ಕಾಣದ್ದಕ್ಕೆ. ಕೊನೆಗೆ, ಮುಂದಿನ ಹಂಗಾಮಿಗೆ ಹೊಸದಾಗಿ ಮಾಡಿ ಎಂದರು.

ಬಸ್‌ಸ್ಟ್ಯಾಂಡಿಗೆ ನಡೆಯುತ್ತ ಕುಮುದಾ, "ಈ ಸಲ ಬೇರೆಯವರ ಗದ್ದೆ ನೋಡಿಕೊಳ್ಳಿ. ನನ್ನ ಕೈ ನಂಬೋ ಹಾಗಿಲ್ಲ" ಎಂದಳು.

"ಬೇರೆಯವರ ಗದ್ದೇಲಿ ನನ್ನ ನೋಡಿ ಕತ್ತಿ ಎತ್ತೋರು ಯಾರಿರ್ತಾರೆ?"

"ಎತ್ತಿರಲಿಲ್ಲ ನಾನು!"

"ಮೇಡಂ ಹೇಳಿದ್ದು ನಿಜ. ಔಷಧಿ ಯಾವ ಮಡಿಗೆ ಹೋಗ್ತಿತ್ತು ಅನ್ನೋದು ನನಗೆ ಕಾಣಲಿಲ್ಲ. ನಾನು ನೋಡ್ತಿದ್ದದ್ದು ಹೊಯ್ಯೋ ಕೈನ, ಕ್ಯಾನನ್ನಲ್ಲ."

ಹೊಸನಗರದ ಬಸ್ಸು ಬಂದು ನಿಂತಿತು. ಕಂಡಕ್ಟರು ಊರುಗಳ ಹೆಸರು ಕೂಗಿದ. ಕುಮುದಾ ಹತ್ತಲಿಲ್ಲ.

"ನಂದೂ ಒಂದು ಕೇಳಿ" ಎಂದಳು. "ಗಂಗಾವತಿ ಅಂದ್ರಲ್ಲ, ಆಗ ನನಗೆ ಶುಂಠಿ ನೆನಪೇ ಬರಲಿಲ್ಲ. ನೀವು ಹೋಗ್ತೀರಿ ಅನ್ನೋದೊಂದೇ ತಲೇಲಿತ್ತು. ನಂಗೆ ನೀವು ಬೇಕು."

ಬಸ್ಸು ಹೊರಟುಹೋಯಿತು. ಮುಂದಿನ ಬಸ್ಸಿಗೆ ಬಹಳ ಹೊತ್ತಿತ್ತು. ಇಬ್ಬರಿಗೂ ಬೇಸರವಾಗಲಿಲ್ಲ.

ಮರುವರ್ಷ ಕುಮುದಾಳ ಮನೆಯದೇ ಪಕ್ಕದ ಗದ್ದೆಯಲ್ಲಿ ಮತ್ತೆ ಮಡಿ ಏರಿಸಿದರು. ಅಷ್ಟರಲ್ಲಿ ತೀರ್ಥಹಳ್ಳಿಯಿಂದ ಅವನ ಮನೆಯವರು ಬಂದು ಮಾತಾಡಿ ಹೋಗಿದ್ದರು, ಶುಂಠಿ ಕಿತ್ತ ಮೇಲೆ ಮದುವೆ ಎಂದು ನಿಶ್ಚಯವಾಗಿತ್ತು. ರೋಗ ಈ ಸಲವೂ ಬಂತು. ಕೆಂಪು ಬಟ್ಟೆಯ ಮಡಿಗಳು ಹಸಿರಾಗಿ ನಿಂತವು. ನೀರಿನ ಮಡಿಗಳಲ್ಲಿ ಎಲೆ ಸುರುಟಿ, ದಂಟು ಒಂದೊಂದೇ ನೆಲಕ್ಕೆ ಬಾಗತೊಡಗಿತು. ಔಷಧಿಯ ಕ್ಯಾನು ಬದುವಿನ ಮೇಲೇ ಇತ್ತು, ಅದರಲ್ಲಿ ಇನ್ನೂ ಔಷಧಿ ಉಳಿದಿತ್ತು.

ದೀಪಕ್ ಅವಳ ಪಕ್ಕಕ್ಕೆ ಬಂದು ಕೈ ಹಿಡಿದುಕೊಂಡ.

"ಬಿಡಿ, ಅಮ್ಮ ನೋಡ್ತಿದ್ದಾಳೆ."

"ಬಿಟ್ಟರೆ ಹೊಯ್ತೀಯ."

"ಇಲ್ಲ."

"ನಂಬಿಕೆ ಇಲ್ಲ ನನಗೆ."

ತನ್ನ ಮೇಲೆ ಅವಳಿಗೂ ನಂಬಿಕೆಯಿರಲಿಲ್ಲ. ಬಾಗುತ್ತಿದ್ದ ಗಿಡಗಳನ್ನು ನೋಡಿ ಅವಳು ಅತ್ತಳು. ಆಚೆಯ ಹಸಿರು ಮಡಿಗಳನ್ನೂ ಅವನ ಮುಖವನ್ನೂ ನೋಡಿ ಅದೇ ಅಳುವಿನಲ್ಲಿ ನಕ್ಕಳು. ಕೈ ಮಾತ್ರ ಬಿಡಿಸಿಕೊಳ್ಳಲಿಲ್ಲ.