ಟ್ರಾಯ್‌ನ ಬಾಣದ ಮೊನೆ

ಗುರುವಾರ ಬೆಳಿಗ್ಗೆ ಮೆಲ್ಬರ್ನ್‌ನ ಠಾಣೆಗೆ ಮ್ಯೂಸಿಯಂ ಒಂದರ ಕ್ಯುರೇಟರ್ ನಿಹಾರಿಕಾ ದೂರು ತಂದರು. ಟ್ರಾಯ್ ಪ್ರದರ್ಶನಕ್ಕೆಂದು ಟರ್ಕಿಯಿಂದ ಎರವಲು ತಂದಿದ್ದ ಕಂಚಿನ ಬಾಣದ ಮೊನೆ ಕಾಣೆಯಾಗಿತ್ತು. ಅದರ ಜಾಗದಲ್ಲಿ ಬಣ್ಣ ಬಳಿದ ಜೇಡಿಮಣ್ಣಿನ ನಕಲು ಇತ್ತು. ಭಾನುವಾರ ಅದು ಟರ್ಕಿಗೆ ಮರಳದಿದ್ದರೆ ಮ್ಯೂಸಿಯಂ ಅನ್ನು ಮುಂದೆ ಯಾರೂ ನಂಬುವುದಿಲ್ಲ ಎಂದರು.

ಡಿಟೆಕ್ಟಿವ್ ಸಾರ್ಜೆಂಟ್ ಅಮೃತ್ ಮತ್ತು ಕಾನ್‌ಸ್ಟೇಬಲ್ ತೃಷಾ ಸ್ಥಳ ಮಹಜರು ನಡೆಸಿದರು. ಗಾಜಿನ ಪೆಟ್ಟಿಗೆಯ ಬೀಗ ಮುರಿದಿರಲಿಲ್ಲ. ಫೋಟೋದಲ್ಲಿ ಮೂಲದ ತುದಿಗಿದ್ದ ಸಣ್ಣ ಬಾಗು ನಕಲಿನಲ್ಲೂ ಇರುವುದನ್ನು ತೃಷಾ ಗಮನಿಸಿದಳು. ಮಾಡಿದವರು ಮೂಲವನ್ನು ಚೆನ್ನಾಗಿ ಬಲ್ಲವರು. ಆ ವಾರ ಅದನ್ನು ಹೊರತೆಗೆಸಿ ಪರೀಕ್ಷಿಸಿದವರು ಒಬ್ಬರೇ, ಗ್ಲೆನ್ ವೇವರ್ಲಿಯ ನಿವೃತ್ತ ಪುರಾತತ್ವ ಪ್ರಾಧ್ಯಾಪಕ ಕರುಣಾಕರ.

"ಅವ್ರು ಟ್ರಾಯ್ ಯುದ್ಧ ನಡೆದೇ ಇಲ್ಲ ಅನ್ನೋರು. ಊರು ಭೂಕಂಪಕ್ಕೆ ಬಿದ್ದು ಸುಟ್ಟುಹೋಯ್ತು ಅಂತ ಬರೆದಿದ್ದಾರೆ. ಅವ್ರಿಗೆ ಬಾಣ ಯಾಕೆ?" ಎಂದರು ನಿಹಾರಿಕಾ.

ಹಾಗಾದರೆ ಅದನ್ನು ಅಗೆದು ತೆಗೆದವರು ಯಾರು ಎಂದು ಅಮೃತ್ ಕೇಳಿದ. ಕರುಣಾಕರರ ಸಹಪಾಠಿ, ಉಡುಪಿಯ ಸುಗುಣಾ. ಸುಟ್ಟ ಮಣ್ಣಿನಲ್ಲಿ ಬಾಣಗಳೂ ಹೂಳದೆ ಬಿಟ್ಟ ಮೂಳೆಗಳೂ ಸಿಕ್ಕಿರುವಾಗ ಗ್ರೀಕರು ಹತ್ತು ವರ್ಷ ಟ್ರಾಯ್ ಕೋಟೆಗೆ ಮುತ್ತಿಗೆ ಹಾಕಿದರೆಂಬ ಕತೆಯ ಹಿಂದೆ ನಿಜವಾದ ಯುದ್ಧ ಇದ್ದೇ ಇದೆ ಎಂದು ಜೀವನವಿಡೀ ವಾದಿಸಿದವರು. ಈಗ ಕಣ್ಣು ಕಾಣದೆ, ಕ್ಯಾನ್ಸರ್‌ನ ಕೊನೆಯ ಹಂತದಲ್ಲಿ ಸಿಡ್ನಿಯ ಆಸ್ಪತ್ರೆಯೊಂದರಲ್ಲಿದ್ದರು. ಕರುಣಾಕರರ ಮನೆಗೆ ಬೀಗ ಬಿದ್ದಿತ್ತು. ಕಾರಿನಲ್ಲಿ ಸಿಡ್ನಿಗೆ ಹೋದರೆಂದು ಪಕ್ಕದ ಮನೆಯವರು ಹೇಳಿದರು.

ಮರುದಿನ ಮಧ್ಯಾಹ್ನ ಸಿಡ್ನಿಯ ಅಧಿಕಾರಿಯೊಬ್ಬರ ಜೊತೆ ಇಬ್ಬರೂ ಆಸ್ಪತ್ರೆ ತಲುಪಿದರು. ಮೊನೆ ಸುಗುಣಾರ ಅಂಗೈಯಲ್ಲಿತ್ತು, ಮಂಚದ ಪಕ್ಕದಲ್ಲಿ ಕರುಣಾಕರ ಕೂತಿದ್ದರು. ಸ್ವಲ್ಪ ನಿಲ್ಲಿ ಎಂದು ಅಮೃತ್ ಜೊತೆಯವರಿಗೆ ಬಾಗಿಲಲ್ಲೇ ಕೈಸನ್ನೆ ಮಾಡಿದ.

"ತುದಿ ಬಾಗಿದೆ ಕರುಣಾ. ಗೋಡೆಗೆ ಬಡಿದದ್ದು. ಭೂಕಂಪ ಬಾಣ ಬಿಡ್ತದಾ?"

"ಯಾವನೋ ಬೇಟೆಗಾರ ಬಿಟ್ಟಿರ್ಬಹುದು ಮಾರಾಯ್ತಿ. ಹತ್ತು ವರ್ಷದ ಯುದ್ಧಕ್ಕೆ ಇದೊಂದು ಸಾಲುದಿಲ್ಲ."

"ಕೋಟೆಯ ಒಳಗೆ ಎಂಥ ಬೇಟೆ?"

ಸರಿ, ಆ ಬೇಟೆಗಾರನನ್ನು ಕೈಬಿಟ್ಟೆ ಎಂದರು ಕರುಣಾಕರ. ಸುಗುಣಾ ಕೆಮ್ಮು ಬರುವಷ್ಟು ನಕ್ಕರು.

ಅವರಿಗೆ ನಿದ್ದೆ ಹತ್ತಿದ ಮೇಲೆ ಕರುಣಾಕರ ತಾವಾಗಿಯೇ ಹೊರಬಂದು ಮೊನೆಯನ್ನು ಒಪ್ಪಿಸಿದರು.

"ಕೇಳಬಹುದಿತ್ತಲ್ಲ ಅಂಕಲ್," ಎಂದ ಅಮೃತ್.

"ಟರ್ಕಿಗೆ ಬರ್ದಿದ್ದೆ. ಮ್ಯೂಸಿಯಂ ಬಿಟ್ಟು ಹೊರಗೆ ಒಯ್ಯುವ ಹಾಗಿಲ್ಲ ಅಂದ್ರು. ಇವಳಿಗೆ ಅಲ್ಲಿಗೆ ಬರ್ಲಿಕ್ಕೆ ಆಗುದಿಲ್ಲ."

ಸಿಡ್ನಿಯ ಅಧಿಕಾರಿ ಅವರನ್ನು ಬಂಧಿಸಿದರು. ಮೊನೆ ಭಾನುವಾರದೊಳಗೆ ಮ್ಯೂಸಿಯಂ ಸೇರಿತು. ಪರೀಕ್ಷೆಯ ನೆಪದಲ್ಲಿ ನಕಲನ್ನು ಇಟ್ಟದ್ದನ್ನು ಹೇಳಿಕೆಯಲ್ಲಿ ಒಪ್ಪಿಕೊಂಡ ಕರುಣಾಕರ, ಕಾರಣ ಕೇಳಿದಾಗ ಇಷ್ಟೇ ಬರೆಸಿದರು: ಯುದ್ಧ ನಡೆಯಿತೋ ಇಲ್ಲವೋ ನನಗೆ ಈಗಲೂ ಖಚಿತವಿಲ್ಲ, ಕೊನೆಯ ಸಲ ಜಗಳವಾಡದೆ ಅವಳನ್ನು ಕಳಿಸಿಕೊಡಲು ಮನಸ್ಸಾಗಲಿಲ್ಲ.